ಪರದೆ ಮೇಲೆ ಚುಕ್ಕೆ ಕಂಡರೆ: ಮಲೆನಾಡಿನ ಮನೆಗಳಿಗೆ ಪಿಕ್ಸೆಲ್ ಪರೀಕ್ಷೆಯ ಸಮಗ್ರ ಮಾರ್ಗದರ್ಶಿ

ಮಾನಿಟರ್, ಲ್ಯಾಪ್‌ಟಾಪ್, ಟಿವಿ, ಏನೇ ಹೊಸದು ತಂದರೂ ಡಬ್ಬ ಒಡೆದ ದಿನವೇ ಪರದೆ ಪರೀಕ್ಷೆ ಮಾಡಿ. ಚುಕ್ಕೆ ಹೋಗಲಾಡಿಸುವ ಉಪಾಯಗಳು ಮುಂದೆ ಬರುತ್ತವೆ. ಆದರೆ ಅವು ಕೈಹಿಡಿಯುವುದು ಕೆಲವು ಸಲ ಮಾತ್ರ. ವಾಪಸ್ ಕೊಡುವ ಗಡುವಿನೊಳಗೆ ಚುಕ್ಕೆ ಕಣ್ಣಿಗೆ ಬಿದ್ದರೆ ಉಪಾಯದ ಗೋಜೇ ಇಲ್ಲ, ಪರದೆಯನ್ನೇ ಬದಲಿಸಿಕೊಳ್ಳಬಹುದು.

ನಮ್ಮ ಕಡೆ ಈ ಗಡುವು ಇನ್ನೂ ಚಿಕ್ಕದು. ಆನ್‌ಲೈನ್‌ನಲ್ಲಿ ತರಿಸಿದ ಪಾರ್ಸೆಲ್ ಶಿವಮೊಗ್ಗದವರೆಗೆ ಬೇಗ ಬರುತ್ತದೆ. ಅಲ್ಲಿಂದ ಹೊಸನಗರ, ನಿಟ್ಟೂರು ಕಡೆಯ ಒಂಟಿ ಮನೆ ತಲುಪುವುದು ಬೇರೆಯೇ ಕಥೆ. ಎಷ್ಟೋ ಸಲ ನಾವೇ ಪೇಟೆಗೆ ಹೋಗಿ ತರಬೇಕು. ತಂದ ದಿನ ಕರೆಂಟು ಇರುವುದಿಲ್ಲ. ‘ಭಾನುವಾರ ನೋಡಿದರಾಯ್ತು ಬಿಡು’ ಅಂತ ಡಬ್ಬ ಮೂಲೆಯಲ್ಲಿ ಕೂರುತ್ತದೆ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಚುಕ್ಕೆ ಕಂಡ ಕೂಡಲೇ ಬೆರಳಿಟ್ಟು ಒತ್ತಬೇಡಿ, ಉಜ್ಜಬೇಡಿ. ಅದು ಏನು ಅಂತ ಗೊತ್ತಾಗುವವರೆಗೆ ಕೈ ಹಿಂದೆ ಕಟ್ಟಿಕೊಂಡು ನೋಡುವುದೇ ಒಳ್ಳೆಯದು.

ಪರದೆಯೊಳಗೆ ಏನಿದೆ

ಮಳೆಯಲ್ಲಿ ಬಸ್ಸಿಗೆ ಕಾಯುತ್ತಾ ಫೋನ್ ತೆಗೆದಿದ್ದೀರಲ್ಲ? ಪರದೆ ಮೇಲೆ ಬಿದ್ದ ಸಣ್ಣ ಹನಿಯನ್ನು ಗಮನಿಸಿ. ಅದರೊಳಗೆ ಕೆಂಪು, ಹಸಿರು, ನೀಲಿ ಕಣಗಳು ಮಿಣುಗುತ್ತವೆ. ಹನಿ ಭೂತಗನ್ನಡಿಯ ಕೆಲಸ ಮಾಡುತ್ತದೆ, ಕೆಳಗಿನ ಪಿಕ್ಸೆಲ್‌ಗಳು ದೊಡ್ಡದಾಗಿ ಕಾಣುತ್ತವೆ. ಬಿಳಿ ಅಂತ ನಾವು ನೋಡುವ ಜಾಗದಲ್ಲಿ ಬಿಳಿ ಬಣ್ಣವೇ ಇಲ್ಲ, ಈ ಮೂರು ಸೇರಿ ಬಿಳಿ ಆಗಿರುತ್ತವೆ. ಈ ಒಂದೊಂದು ಬಣ್ಣದ ತುಣುಕೂ ಒಂದು ಸಬ್‌ಪಿಕ್ಸೆಲ್. ಸಾಮಾನ್ಯ ಮಾನಿಟರ್‌ನಲ್ಲಿ ಮೂರು ಸೇರಿದರೆ ಒಂದು ಪಿಕ್ಸೆಲ್.

ಫುಲ್ ಎಚ್‌ಡಿ ಪರದೆ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080. ಗುಣಿಸಿದರೆ 20,73,600 ಪಿಕ್ಸೆಲ್. ಸಬ್‌ಪಿಕ್ಸೆಲ್ ಲೆಕ್ಕ ಹಾಕಿದರೆ 62 ಲಕ್ಷ ದಾಟುತ್ತದೆ. 4ಕೆ ಟಿವಿಯಲ್ಲಿ ಪಿಕ್ಸೆಲ್‌ಗಳೇ 82,94,400. ಇಷ್ಟರಲ್ಲಿ ಒಂದೆರಡು ಕೆಟ್ಟು ಹುಟ್ಟುವುದು ಆಶ್ಚರ್ಯವಲ್ಲ, ಇಷ್ಟೂ ಸರಿಯಾಗಿ ಹುಟ್ಟುವುದೇ ಆಶ್ಚರ್ಯ.

ಎಲ್‌ಸಿಡಿ ಪರದೆಯ ಹಿಂದೆ ಒಂದು ದೀಪ ಸದಾ ಉರಿಯುತ್ತಿರುತ್ತದೆ. ಅಂಗಡಿಯವರು ಎಲ್‌ಇಡಿ ಅಂತ ಮಾರುವ ಟಿವಿ, ಮಾನಿಟರ್‌ಗಳೂ ಹೆಚ್ಚಿನಂಶ ಇವೇ, ಹಿಂದಿನ ದೀಪ ಮಾತ್ರ ಎಲ್‌ಇಡಿ. ದೀಪದ ಮುಂದೆ ಒಂದೊಂದು ಸಬ್‌ಪಿಕ್ಸೆಲ್‌ಗೂ ದ್ರವಸ್ಫಟಿಕದ ಪದರ ಇರುತ್ತದೆ. ಅದು ಕಿಟಕಿ ಬಾಗಿಲಿನ ಹಾಗೆ: ತೆರೆದರೆ ಬೆಳಕು ಬರುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಬಾಗಿಲು ತೆರೆದು ಮುಚ್ಚುವ ಕೆಲಸ ಒಂದು ಪುಟ್ಟ ಟ್ರಾನ್ಸಿಸ್ಟರ್‌ನದು. ಈ ಟ್ರಾನ್ಸಿಸ್ಟರ್ ಕೈಕೊಟ್ಟರೆ ಏನಾಗುತ್ತದೆ ಅನ್ನುವುದು ಪ್ಯಾನೆಲ್, ಅಂದರೆ ಚಿತ್ರ ಮೂಡುವ ಪರದೆಯ ಹಲಗೆ, ಯಾವ ಬಗೆಯದು ಅನ್ನುವುದರ ಮೇಲೆ ನಿಂತಿದೆ. ಹಳೆಯ, ಅಗ್ಗದ ಟಿಎನ್ ಪ್ಯಾನೆಲ್‌ಗಳಲ್ಲಿ ವಿದ್ಯುತ್ ಸಿಗದಿದ್ದರೆ ಬಾಗಿಲು ತೆರೆದೇ ಇರುತ್ತದೆ, ಹಾಗಾಗಿ ಬೆಳಗುವ ಚುಕ್ಕೆ. ಐಪಿಎಸ್ ಮತ್ತು ವಿಎ ಪ್ಯಾನೆಲ್‌ಗಳಲ್ಲಿ ಮುಚ್ಚಿರುತ್ತದೆ, ಹಾಗಾಗಿ ಕಪ್ಪು ಚುಕ್ಕೆ.

ಮೂರು ಬಗೆಯ ಚುಕ್ಕೆ

ಸದಾ ಕಪ್ಪಾಗಿಯೇ ಇರುವುದು ಡೆಡ್ ಪಿಕ್ಸೆಲ್, ಸತ್ತ ಪಿಕ್ಸೆಲ್. ಸದಾ ಕೆಂಪು, ಹಸಿರು ಅಥವಾ ನೀಲಿ ಹೊಳೆಯುವುದು ಸ್ಟಕ್ ಪಿಕ್ಸೆಲ್, ಅಂದರೆ ಒಂದು ಬಣ್ಣದಲ್ಲೇ ಸಿಕ್ಕಿಕೊಂಡಿದ್ದು. ಎರಡು ಸಬ್‌ಪಿಕ್ಸೆಲ್ ಒಟ್ಟಿಗೆ ಸಿಕ್ಕಿಕೊಂಡರೆ ಹಳದಿ ಅಥವಾ ಗುಲಾಬಿ ಕಾಣಬಹುದು. ಸದಾ ಬಿಳಿಯಾಗಿ ಉರಿಯುವುದು ಹಾಟ್ ಪಿಕ್ಸೆಲ್.

ಇವುಗಳಲ್ಲಿ ನಮ್ಮ ಕೈಲಿ ಏನಾದರೂ ಆಗುವುದಿದ್ದರೆ ಅದು ಸಿಕ್ಕಿಕೊಂಡ ಪಿಕ್ಸೆಲ್ ಮಾತ್ರ. ಸತ್ತದ್ದು ಮನೆಮದ್ದಿಗೆ ಏಳುವುದು ತೀರಾ ಅಪರೂಪ.

ಪರೀಕ್ಷೆಗೆ ಮುಂಚೆ

ಮೊದಲು ಒರೆಸಿ. ಪರದೆ ಆಫ್ ಮಾಡಿ, ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಒರೆಸಿ. ಕನ್ನಡಕದ ಅಂಗಡಿಯಲ್ಲಿ ಕೊಡುತ್ತಾರಲ್ಲ, ಆ ಬಟ್ಟೆ ಸಾಕು. ಪಂಚೆ ತುದಿ, ಅಂಗಿಯ ಅಂಚು ಬೇಡ, ಅಡಿಕೆ ಸುಲಿಯುವ ದಿನಗಳಲ್ಲಿ ಅವುಗಳ ಮೇಲೆ ಎಷ್ಟು ದೂಳು ಇರುತ್ತದೆ ಅಂತ ನಿಮಗೇ ಗೊತ್ತು. ಕಲೆ ಹೋಗದಿದ್ದರೆ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ. ನೀರನ್ನು ಪರದೆ ಮೇಲೆ ಚಿಮುಕಿಸಬೇಡಿ, ಕೆಳಗಿನ ಅಂಚಿನಿಂದ ಒಳಗೆ ಇಳಿಯುತ್ತದೆ. ಕಿಟಕಿ ಗಾಜು ಒರೆಸುವ ಅಮೋನಿಯದ ದ್ರವವೂ ಬೇಡ, ಮೇಲಿನ ಲೇಪ ಹಾಳಾಗುತ್ತದೆ.

ಮಳೆಗಾಲದಲ್ಲಿ ಬೈಕಿನಲ್ಲಿ ತಂದ ಡಬ್ಬವನ್ನು ಕೂಡಲೇ ಆನ್ ಮಾಡಬೇಡಿ. ತಣ್ಣಗಿದ್ದ ಪರದೆ ಬೆಚ್ಚನೆಯ ಕೋಣೆಗೆ ಬಂದರೆ ಗಾಜಿನ ಮೇಲೆ ತೇವ ಕೂರುತ್ತದೆ. ಡಬ್ಬ ತೆರೆಯದೆ ಎರಡು ಗಂಟೆ ಸುಮ್ನೆ ಬಿಡಿ.

ಡಬ್ಬ ಒಡೆಯುವುದನ್ನು ಫೋನ್‌ನಲ್ಲಿ ವಿಡಿಯೊ ಮಾಡಿ, ನಡುವೆ ನಿಲ್ಲಿಸಬೇಡಿ. ಪಾರ್ಸೆಲ್ ಮೇಲಿನ ವಿಳಾಸದ ಚೀಟಿ, ಸೀಲು, ಸೀರಿಯಲ್ ನಂಬರ್, ಮೊದಲ ಸಲ ಆನ್ ಆಗುವುದು, ಎಲ್ಲ ಒಂದೇ ವಿಡಿಯೊದಲ್ಲಿ ಬರಲಿ. ಆಮೇಲೆ ‘ನಿಮ್ಮ ಮನೆಯಲ್ಲೇ ಆಗಿದ್ದು’ ಅಂತ ಯಾರಾದರೂ ಅಂದರೆ ತೋರಿಸಲು ಬೇಕಾಗುತ್ತದೆ.

ಇನ್ನು ಸೆಟ್ಟಿಂಗ್. ಬ್ರೈಟ್‌ನೆಸ್ ಪೂರ್ತಿ ಏರಿಸಿ. ನೈಟ್ ಲೈಟ್ ಆಫ್ ಮಾಡಿ, ಅದು ಬಿಳಿಯನ್ನು ಹಳದಿ ಮಾಡಿಬಿಡುತ್ತದೆ. ರೆಸಲ್ಯೂಷನ್ ಪ್ಯಾನೆಲ್ಲಿನ ಅಸಲಿ ಅಳತೆಯಲ್ಲೇ ಇರಲಿ. ಕೋಣೆಯ ದೀಪ ಆರಿಸಿ, ಪರದೆ ಹತ್ತು ನಿಮಿಷ ಉರಿಯಲಿ.

ಐದು ಬಣ್ಣದ ಪರೀಕ್ಷೆ

ಬೇಕಾಗಿರುವುದು ಇಷ್ಟೇ: ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ. ಒಂದೊಂದೂ ಅಂಚಿನಿಂದ ಅಂಚಿಗೆ ಪರದೆ ತುಂಬಬೇಕು. ಇಂಜುರ್ಡ್‌ಪಿಕ್ಸೆಲ್ಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ, ಇದೇ ಕೆಲಸ ಮಾಡುವ ಜಾಲತಾಣಗಳೂ ಇವೆ. ಆದರೆ ನನಗೆ ಇಷ್ಟವಾದದ್ದು ಕೈಯಾರೆ ಮಾಡಿಕೊಂಡ ಐದು ಚಿತ್ರ. ಒಂದು ಸಲ ಮಾಡಿ ಪೆನ್‌ಡ್ರೈವ್‌ನಲ್ಲಿ, ಫೋನ್‌ನಲ್ಲಿ ಇಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಊರಲ್ಲೂ ನಡೆಯುತ್ತದೆ, ಅಂಗಡಿಯಲ್ಲೂ ನಡೆಯುತ್ತದೆ.

ಮಾಡುವುದು ಹೀಗೆ. ವಿಂಡೋಸ್‌ನಲ್ಲಿ ಪೇಂಟ್ ತೆರೆಯಿರಿ. ರೀಸೈಜ್ ಒತ್ತಿ, ಪಿಕ್ಸೆಲ್ ಆರಿಸಿ, ಅಳತೆಯ ಅನುಪಾತ ಉಳಿಸುವ ಗುರುತು ತೆಗೆದು 1920, 1080 ಅಂತ ಹಾಕಿ. 4ಕೆ ಪರದೆಯಾದರೆ 3840, 2160. ಬಣ್ಣ ತಿದ್ದುವ ಕಡೆ ಹೋಗಿ ಕೆಂಪಿಗೆ 255, ಹಸಿರಿಗೆ 0, ನೀಲಿಗೆ 0 ಕೊಡಿ. ಬಣ್ಣ ಸುರಿಯುವ ಬಕೆಟ್ ತಗೊಂಡು ಹಾಳೆ ತುಂಬಿ, ಉಳಿಸಿ. ಹಸಿರಿಗೆ 0, 255, 0. ನೀಲಿಗೆ 0, 0, 255. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ. ತೆರೆದು ನೋಡುವಾಗ ಎಫ್11 ಒತ್ತಿದರೆ ಪರದೆ ತುಂಬುತ್ತದೆ. ಟಿವಿಗೆ ಪೆನ್‌ಡ್ರೈವ್ ಹಾಕುವುದಾದರೆ ಜೆಪೆಗ್ ಆಗಿ ಉಳಿಸಿ.

ಕಂಪ್ಯೂಟರ್ ಪೂರ್ತಿ ಶುರುವಾಗದೆಯೂ ನೋಡಬಹುದು. ಡೆಲ್ ಲ್ಯಾಪ್‌ಟಾಪ್ ಆಫ್ ಮಾಡಿ, ಡಿ ಕೀಲಿ ಒತ್ತಿ ಹಿಡಿದು ಪವರ್ ಬಟನ್ ಒತ್ತಿದರೆ ಪರದೆ ತಾನೇ ಬಣ್ಣ ಬದಲಿಸುತ್ತಾ ಹೋಗುತ್ತದೆ. ಸ್ಯಾಮ್‌ಸಂಗ್ ಫೋನ್‌ನಲ್ಲಿ *#0*# ಡಯಲ್ ಮಾಡಿದರೆ, ಶವೊಮಿಯಲ್ಲಿ *#*#6484#*#* ಡಯಲ್ ಮಾಡಿದರೆ ಪರೀಕ್ಷೆಯ ಪಟ್ಟಿ ತೆರೆಯುತ್ತದೆ. ಬೇರೆ ಫೋನ್‌ಗಳಿಗೆ ಆ ಐದು ಚಿತ್ರವನ್ನೇ ಗ್ಯಾಲರಿಯಲ್ಲಿ ತೆರೆದರಾಯಿತು.

ಈಗ ನೋಡುವ ಕ್ರಮ. ಕಪ್ಪಿನಿಂದ ಶುರು ಮಾಡಿ. ಕತ್ತಲಲ್ಲಿ ಹೊಳೆಯುವ ಚುಕ್ಕೆ ಕಂಡರೆ ಅದು ಸಿಕ್ಕಿಕೊಂಡದ್ದು ಅಥವಾ ಹಾಟ್. ಅಂಚುಗಳಲ್ಲಿ ಮಸುಕು ಬೆಳಕು ಸೋರಿದಂತೆ ಕಂಡರೆ ಅದು ಹಿಂದಿನ ದೀಪದ ಬೆಳಕು, ಪಿಕ್ಸೆಲ್‌ಗೆ ಸಂಬಂಧವಿಲ್ಲ. ಆಮೇಲೆ ಬಿಳಿ. ಇಲ್ಲಿ ಕಪ್ಪು ಚುಕ್ಕೆ ಕಂಡರೆ ಸತ್ತ ಪಿಕ್ಸೆಲ್ ಇರಬಹುದು. ಒಂದೇ ಸಬ್‌ಪಿಕ್ಸೆಲ್ ಸತ್ತಿದ್ದರೆ ಬಿಳಿಯ ಮೇಲೆ ಕಪ್ಪು ಕಾಣುವುದಿಲ್ಲ, ಬಣ್ಣ ಕಾಣುತ್ತದೆ. ಹಸಿರು ಸತ್ತಿದ್ದರೆ ಗುಲಾಬಿ, ನೀಲಿ ಸತ್ತಿದ್ದರೆ ಹಳದಿ, ಕೆಂಪು ಸತ್ತಿದ್ದರೆ ತಿಳಿ ನೀಲಿ. ಬಿಳಿ ಮೇಲಿನ ಹಳದಿ ಚುಕ್ಕೆ ನೋಡಿ ‘ಸಿಕ್ಕಿಕೊಂಡಿದೆ, ಸರಿಹೋಗುತ್ತೆ’ ಅಂತ ತಿಳಿದು ಗಂಟೆಗಟ್ಟಲೆ ಕಾಯುವವರಿದ್ದಾರೆ. ಅದಕ್ಕೇ ಉಳಿದ ಮೂರು ಬಣ್ಣ ಬೇಕು. ನೀಲಿ ಪರದೆಯಲ್ಲಿ ಅದೇ ಜಾಗ ಕಪ್ಪಾದರೆ ನೀಲಿ ಸಬ್‌ಪಿಕ್ಸೆಲ್ ಸತ್ತಿದೆ ಅಂತಲೇ ಅರ್ಥ. ಕಪ್ಪು ಪರದೆಯಲ್ಲೂ ಹಳದಿಯಾಗಿ ಹೊಳೆದರೆ ಮಾತ್ರ ಅದು ಸಿಕ್ಕಿಕೊಂಡದ್ದು.

ಕಣ್ಣಾಡಿಸುವಾಗ ಅವಸರ ಬೇಡ. ಎಡ ಮೇಲಿನ ಮೂಲೆಯಿಂದ ಸಾಲುಸಾಲಾಗಿ, ಓದುವ ಹಾಗೆ ಬನ್ನಿ. ನಾಲ್ಕು ಅಂಚಿಗೆ ಜಾಸ್ತಿ ಹೊತ್ತು ಕೊಡಿ, ಅಲ್ಲಿನ ಚುಕ್ಕೆ ತಪ್ಪಿಸಿಕೊಳ್ಳುವುದು ಸುಲಭ. ಚುಕ್ಕೆ ಸಿಕ್ಕರೆ ಪರದೆಗೆ ಏನೂ ಅಂಟಿಸಬೇಡಿ. ಹೊರಗಿನ ಚೌಕಟ್ಟಿನ ಮೇಲೆ, ಅದೇ ನೇರಕ್ಕೆ, ಮೇಲೊಂದು ಪಕ್ಕಕ್ಕೊಂದು ಸಣ್ಣ ಪೇಪರ್ ಟೇಪ್ ತುಂಡು ಹಚ್ಚಿ. ಎರಡೂ ಗೆರೆ ಕೂಡುವಲ್ಲಿ ಚುಕ್ಕೆ. ಫೋಟೊ ತೆಗೆದಿಡಿ, ಯಾವ ಬಣ್ಣದ ಮೇಲೆ ಹೇಗೆ ಕಂಡಿತು ಅಂತ ಬರೆದಿಡಿ.

ಅದು ನಿಜಕ್ಕೂ ಪಿಕ್ಸೆಲ್ಲೇ?

ಚುಕ್ಕೆಯೆಲ್ಲ ಪಿಕ್ಸೆಲ್ ಅಲ್ಲ. ಮೊದಲು ಸ್ಕ್ರೀನ್‌ಶಾಟ್ ತೆಗೆದು ಬೇರೆ ಫೋನ್‌ಗೆ ಕಳಿಸಿ ನೋಡಿ. ಅಲ್ಲೂ ಚುಕ್ಕೆ ಇದ್ದರೆ ಪರದೆ ಸರಿ ಇದೆ, ತೊಂದರೆ ಚಿತ್ರದಲ್ಲೋ ಸಾಫ್ಟ್‌ವೇರ್‌ನಲ್ಲೋ ಗ್ರಾಫಿಕ್ಸ್‌ನಲ್ಲೋ ಇದೆ. ಸ್ಕ್ರೀನ್‌ಶಾಟ್ ಶುದ್ಧವಾಗಿದ್ದು ಕಣ್ಣಿಗೆ ಮಾತ್ರ ಕಂಡರೆ ಪರದೆಯದೇ ದೋಷ.

ಆಮೇಲೆ ಭೂತಗನ್ನಡಿ ಹಿಡಿಯಿರಿ. ಪಿಕ್ಸೆಲ್ ದೋಷಕ್ಕೆ ಚೌಕದಂತೆ ನೇರ ಅಂಚು ಇರುತ್ತದೆ, ಸುತ್ತಲಿನ ಜಾಲಕ್ಕೆ ಸರಿಯಾಗಿ ಕೂತಿರುತ್ತದೆ. ದೂಳಿನ ಕಣದ ಅಂಚು ಮಸುಕು, ಆಕಾರ ಅಂಕುಡೊಂಕು. 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಒಂದು ಪಿಕ್ಸೆಲ್‌ನ ಅಗಲ ಕಾಲು ಮಿಲಿಮೀಟರ್‌ಗಿಂತ ಚೂರು ಜಾಸ್ತಿ, 15.6 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಅದಕ್ಕಿಂತ ಕಡಿಮೆ. ಚುಕ್ಕೆ ಒಂದು ಮಿಲಿಮೀಟರ್ ಅಗಲ ಇದ್ದರೆ ಅದು ಒಂಟಿ ಪಿಕ್ಸೆಲ್ ಆಗಿರಲು ಸಾಧ್ಯವಿಲ್ಲ.

ಪರದೆಗೆ ಅಡ್ಡಲಾಗಿ ಅಥವಾ ಮೇಲಿನಿಂದ ಕೆಳಗೆ ಪೂರ್ತಿ ಗೆರೆ ಇದ್ದರೆ ಅದು ಪ್ಯಾನೆಲ್ ಅಂಚಿನ ಜೋಡಣೆ, ಕೇಬಲ್ ಅಥವಾ ಡ್ರೈವರ್ ಚಿಪ್‌ನ ತೊಂದರೆ. ಮುಂದೆ ಹೇಳುವ ಯಾವ ಉಪಾಯವೂ ಅದಕ್ಕೆ ನಾಟುವುದಿಲ್ಲ. ಲ್ಯಾಪ್‌ಟಾಪ್ ಆದರೆ ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಜೋಡಿಸಿ ನೋಡಿ. ಟಿವಿಯಲ್ಲೂ ಗೆರೆ ಬಂದರೆ ಗ್ರಾಫಿಕ್ಸ್ ಕಡೆಯ ಕೆಲಸ, ಬಾರದಿದ್ದರೆ ಪರದೆ ಕಡೆಯದು. ಸಿಡಿಲು ಬಡಿದ ಮೇಲೆ ಚುಕ್ಕೆ ಬಂತು ಅನ್ನುವವರಿಗೆ ಒಂದು ಮಾತು: ಸಿಡಿಲಿನ ಹೊಡೆತಕ್ಕೆ ಸಾಮಾನ್ಯವಾಗಿ ಪವರ್ ಸಪ್ಲೈ, ಬೋರ್ಡು ಸುಡುತ್ತವೆ. ಒಂದೇ ಒಂದು ಪಿಕ್ಸೆಲ್ ಆರಿಸಿ ಹೊಡೆಯುವ ಸಿಡಿಲು ಇಲ್ಲ.

ಮೋಡದಂತೆ ಹರಡಿದ ಕಲೆ ಇದ್ದರೆ ತೇವವನ್ನು ಅನುಮಾನಿಸಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ. ಬೀರುವಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುವಾಗ, ತಿಂಗಳುಗಟ್ಟಲೆ ಬಳಸದೆ ಗೋಡೆಗೆ ಒರಗಿಸಿಟ್ಟ ಮಾನಿಟರ್ ಏನಾದೀತು? ಇಂಥದ್ದಕ್ಕೆ ಔಷಧ ಸರಳ. ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಆನ್ ಮಾಡಿಡಿ, ಅದರ ಶಾಖಕ್ಕೇ ತೇವ ಆರುತ್ತದೆ. ಗೋಡೆಯಿಂದ ಒಂದು ಗೇಣು ದೂರ ಇಡಿ.

ಹುಳ ಒಳಗೆ ಹೋಗಿದ್ದರೆ

ಮಲೆನಾಡಿನಲ್ಲಿ ಈ ಭಾಗ ಬೇರೆಯಾಗಿಯೇ ಬೇಕು. ಮಳೆ ಬಿಟ್ಟ ಸಂಜೆ ಕಿಟಕಿ ತೆಗೆದು ಲ್ಯಾಪ್‌ಟಾಪ್ ಮುಂದೆ ಕೂತರೆ ಮನೆಯಲ್ಲಿ ಅದೇ ದೊಡ್ಡ ದೀಪ. ನೊರಜು, ಸಣ್ಣ ದೀಪದ ಹುಳ ಎಲ್ಲ ಅದಕ್ಕೇ ಮುತ್ತುತ್ತವೆ. ಇವುಗಳಲ್ಲಿ ಒಂದು ಮಿಲಿಮೀಟರ್ ಉದ್ದದವು ಚೌಕಟ್ಟಿನ ಸಂದಿಯಿಂದ, ಹಿಂದಿನ ಗಾಳಿಕಿಂಡಿಯಿಂದ ಒಳಗೆ ನುಸುಳುತ್ತವೆ. ದೀಪಕ್ಕೂ ದ್ರವಸ್ಫಟಿಕದ ಗಾಜಿಗೂ ನಡುವೆ ಬೆಳಕು ಹರಡುವ ತೆಳು ಹಾಳೆಗಳಿರುತ್ತವೆ. ಹುಳ ಅಲ್ಲಿಗೆ ತಲುಪಿದರೆ ನಮಗೆ ಕಾಣುವುದು ಒಂದು ಕಪ್ಪು ಚುಕ್ಕೆ. ಸತ್ತ ಪಿಕ್ಸೆಲ್ ಅಂತಲೇ ಅನ್ನಿಸುತ್ತದೆ.

ಆ ಹೊತ್ತಿಗೆ ಬೆರಳಲ್ಲಿ ಒತ್ತಿದರೆ ಹುಳ ಅಲ್ಲೇ ಜಜ್ಜಿ ಅಂಟಿಕೊಳ್ಳುತ್ತದೆ. ಆಮೇಲೆ ಪ್ಯಾನೆಲ್ ಬಿಚ್ಚದೆ ಅದು ಬರುವುದಿಲ್ಲ. ಮೊದಲೇ ಒತ್ತಬೇಡಿ ಅಂದದ್ದು ಇದಕ್ಕೇ.

ಗುರುತಿಸುವುದು ಕಷ್ಟವಿಲ್ಲ. ಚುಕ್ಕೆಯ ಜಾಗ ಗುರುತು ಮಾಡಿ ಹತ್ತು ನಿಮಿಷ ಬಿಟ್ಟು ನೋಡಿ. ಸರಿದಿದ್ದರೆ ಹುಳ. ಸರಿಯದಿದ್ದರೂ ಭೂತಗನ್ನಡಿಯಲ್ಲಿ ಉದ್ದನೆಯ ಮೈ, ಮಸುಕು ಅಂಚು ಕಾಣಬಹುದು. ಹುಳ ಬದುಕಿದ್ದರೆ ಪರದೆ ಆಫ್ ಮಾಡಿ, ಕೋಣೆ ಕತ್ತಲು ಮಾಡಿ, ಚೌಕಟ್ಟಿನ ಹತ್ತಿರದ ಅಂಚಿಗೆ ಒಂದು ಟಾರ್ಚ್ ಹಚ್ಚಿಡಿ. ಬೆಳಕು ಹುಡುಕಿಕೊಂಡು ಬಂದದ್ದು ಬೆಳಕು ಹುಡುಕಿಕೊಂಡೇ ಹೊರಗೆ ಹೋಗಬಹುದು. ರಾತ್ರಿಯಿಡೀ ಹಾಗೇ ಬಿಟ್ಟರೂ ನಷ್ಟವಿಲ್ಲ. ಸತ್ತಿದ್ದರೆ ಒಣಗಲು ಬಿಡಿ. ನಡುವೆ ಅಂಟಿರದಿದ್ದರೆ, ಕೆಲವು ದಿನ ಕಳೆದ ಮೇಲೆ ಚೌಕಟ್ಟಿನ ಹಿಂಬದಿಗೆ ಹಗುರವಾಗಿ ತಟ್ಟಿದಾಗ ಕೆಳಗಿನ ಅಂಚಿಗೆ ಜಾರಬಹುದು. ಸಂಜೆ ಕಿಟಕಿಗೆ ಸೊಳ್ಳೆ ಪರದೆ, ಕೋಣೆಯಲ್ಲಿ ಲ್ಯಾಪ್‌ಟಾಪ್‌ಗಿಂತ ಪ್ರಖರವಾದ ಇನ್ನೊಂದು ದೀಪ ಇದ್ದರೆ ಈ ತಾಪತ್ರಯ ಬಹಳ ಕಡಿಮೆ.

ಸರಿಪಡಿಸುವ ಪ್ರಯತ್ನ

ಪರದೆಗೆ ವಾರಂಟಿ ಇದ್ದರೆ ಮೊದಲು ಕಂಪನಿಗೆ ತಿಳಿಸಿ. ಉತ್ತರ ಬರುವವರೆಗೆ ಬಣ್ಣ ಮಿನುಗಿಸುವ ಉಪಾಯ ಮಾಡಿದರೆ ತೊಂದರೆಯಿಲ್ಲ, ಒತ್ತುವುದು ಮಾತ್ರ ಬೇಡ.

ಎಲ್ಲಕ್ಕಿಂತ ಮೊದಲು ಪರದೆಗೆ ವಿಶ್ರಾಂತಿ ಕೊಡಿ. ಪ್ಲಗ್ ತೆಗೆದು ಒಂದು ದಿನ ಬಿಡಿ. ಖರ್ಚಿಲ್ಲ, ಅಪಾಯವಿಲ್ಲ. ಕೆಲವು ಚುಕ್ಕೆ ಇಷ್ಟಕ್ಕೇ ಹೋಗುತ್ತವೆ.

ಹೋಗಲಿಲ್ಲವೇ? ಬಣ್ಣ ಮಿನುಗಿಸಿ. ಸಿಕ್ಕಿಕೊಂಡ ಜಾಗದಲ್ಲಿ ಬಣ್ಣಗಳನ್ನು ಸೆಕೆಂಡಿಗೆ ಹತ್ತಾರು ಸಲ ಬದಲಿಸುತ್ತಾ ಹೋದರೆ ಆ ಸಬ್‌ಪಿಕ್ಸೆಲ್‌ಗೆ ತೆರೆ, ಮುಚ್ಚು ಅನ್ನುವ ಆಜ್ಞೆ ಎಡೆಬಿಡದೆ ಸಿಗುತ್ತದೆ. ಅಂಟಿಕೊಂಡದ್ದು ಆ ಓಟದಲ್ಲಿ ಬಿಡಿಸಿಕೊಳ್ಳಬಹುದು ಅನ್ನುವುದು ಲೆಕ್ಕಾಚಾರ. ಬ್ರೌಸರ್‌ನಲ್ಲೇ ನಡೆಯುವ ಜೆಸ್ಕ್ರೀನ್‌ಫಿಕ್ಸ್ ಇದೆ, ವಿಂಡೋಸ್‌ಗೆ ಯುಡಿಪಿಕ್ಸೆಲ್, ಪಿಕ್ಸೆಲ್‌ಹೀಲರ್ ಇವೆ. ಮಿನುಗುವ ಸಣ್ಣ ಚೌಕವನ್ನು ಎಳೆದು ತಂದು ಸರಿಯಾಗಿ ಚುಕ್ಕೆಯ ಮೇಲೆ ಕೂರಿಸಬೇಕು. ಟೇಪ್ ಗುರುತು ಈಗ ಕೆಲಸಕ್ಕೆ ಬರುತ್ತದೆ.

ಶುರು ಮಾಡುವ ಮುಂಚೆ ಸ್ಲೀಪ್ ಸೆಟ್ಟಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಐದು ನಿಮಿಷಕ್ಕೆ ಪರದೆ ಮಲಗುತ್ತದೆ. ಮೊದಲ ಸುತ್ತು ಹತ್ತರಿಂದ ಇಪ್ಪತ್ತು ನಿಮಿಷ. ಕಪ್ಪು ಚಿತ್ರ ಹಾಕಿ ನೋಡಿ. ಹಾಗೇ ಇದ್ದರೆ ಒಂದೆರಡು ಗಂಟೆ ಬಿಡಿ, ಆಮೇಲೆ ಒಂದು ರಾತ್ರಿ. ನಡುವೆ ಕರೆಂಟು ಹೋಗಿ ಮಾನಿಟರ್ ಆರಿದರೆ ಕೆಡುಕೇನಿಲ್ಲ, ಬಂದ ಮೇಲೆ ಮತ್ತೆ ಹಚ್ಚಿ. ಗುಡುಗು ಸಿಡಿಲು ಇರುವ ರಾತ್ರಿ ಮಾತ್ರ ಈ ಕೆಲಸ ಬೇಡ. ಏಪ್ರಿಲ್, ಮೇ ಸಂಜೆಗಳಲ್ಲಿ ಪ್ಲಗ್ ತೆಗೆದಿಡುವ ನಮ್ಮ ಅಭ್ಯಾಸವೇ ಸರಿ.

ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬರುತ್ತಿದ್ದರೆ ಈ ಮಿನುಗು ಅವರ ಕಣ್ಣಿಗೆ ಬೀಳಬಾರದು. ಇದನ್ನು ಹಗುರವಾಗಿ ತಗೊಳ್ಳಬೇಡಿ. ಪರದೆಯನ್ನು ಗೋಡೆ ಕಡೆ ತಿರುಗಿಸಿ ಅಥವಾ ಮೇಲೊಂದು ಬಟ್ಟೆ ಇಳಿಬಿಡಿ, ಗಾಳಿಕಿಂಡಿ ಮುಚ್ಚದ ಹಾಗೆ.

ಎರಡು ಮೂರು ರಾತ್ರಿಗೂ ಬಗ್ಗದಿದ್ದರೆ ಅದು ಬಗ್ಗುವ ಜಾತಿಯದಲ್ಲ.

ಕೊನೆಯದು ಒತ್ತುವ ಉಪಾಯ. ವಾರಂಟಿ ಮುಗಿದಿದ್ದರೆ, ಪರದೆ ಹಾಳಾದರೂ ಪರವಾಗಿಲ್ಲ ಅನ್ನುವಂತಿದ್ದರೆ, ಚುಕ್ಕೆ ಹುಳ ಅಲ್ಲ ಅಂತ ಖಾತ್ರಿ ಇದ್ದರೆ ಮಾತ್ರ ಮಾಡಿ. ಪರದೆ ಆಫ್ ಮಾಡಿ. ಮೃದು ಬಟ್ಟೆಯನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ನಾಲ್ಕು ಮಡಿಕೆ ಮಾಡಿ ಚುಕ್ಕೆಯ ಮೇಲಿಡಿ. ಪೆನ್ಸಿಲ್ಲಿನ ರಬ್ಬರ್ ತುದಿಯಂಥ ಮೊಂಡು ವಸ್ತುವಿನಿಂದ ಅದೇ ಬಿಂದುವಿನ ಮೇಲೆ ಮೆಲ್ಲಗೆ ಒತ್ತಿ. ಲ್ಯಾಪ್‌ಟಾಪ್ ಆದರೆ ಹಿಂದಿನಿಂದ ಅಂಗೈ ಆಸರೆ ಕೊಡಿ. ಒತ್ತಿ ಹಿಡಿದಿರುವಾಗಲೇ ಇನ್ನೊಬ್ಬರು ಪರದೆ ಆನ್ ಮಾಡಲಿ. ಐದು ಹತ್ತು ಸೆಕೆಂಡಿಗೆ ಕೈ ತೆಗೆಯಿರಿ. ಒಂದು ಸಲ, ಹೆಚ್ಚೆಂದರೆ ಎರಡು ಸಲ. ಜೋರಾಗಿ ಒತ್ತಿದರೆ ಪಕ್ಕದ ಪಿಕ್ಸೆಲ್‌ಗಳೂ ಹೋಗುತ್ತವೆ, ಒತ್ತಿದ ಕಲೆ ಶಾಶ್ವತವಾಗಿ ಉಳಿಯುತ್ತದೆ. ಒಂದು ಚುಕ್ಕೆ ತೆಗೆಯಲು ಹೋಗಿ ಹೆಬ್ಬೆರಳಗಲದ ಕಲೆ ಮಾಡಿಕೊಳ್ಳುವುದು ಯಾಕೆ, ಅಲ್ವಾ? ನನ್ನನ್ನು ಕೇಳಿದರೆ ಈ ಉಪಾಯ ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ. ಜನ ಹೇಗೂ ಮಾಡುತ್ತಾರೆ, ಅದಕ್ಕೇ ಸರಿಯಾದ ಕ್ರಮ ಬರೆದೆ.

ಹೇರ್‌ಡ್ರೈಯರ್, ಬಿಸಿ ಬಟ್ಟೆಯ ಶಾಖ ಕೊಡಿ ಅನ್ನುವ ವಿಡಿಯೊಗಳೂ ಓಡಾಡುತ್ತಿವೆ. ಬೇಡವೇ ಬೇಡ. 1888ರಲ್ಲಿ ಫ್ರೀಡ್ರಿಕ್ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ ದ್ರವಸ್ಫಟಿಕವನ್ನು ಗುರುತಿಸಿದ್ದೇ ಅದರ ಕರಗುವ ಗುಣದಿಂದ. ಅವರ ಕೈಯಲ್ಲಿದ್ದ ವಸ್ತು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬು ದ್ರವವಾಯಿತು, 178.5 ಡಿಗ್ರಿಯಲ್ಲಿ ತಿಳಿಯಾಯಿತು. ಆ ಮಬ್ಬು ಸ್ಥಿತಿಯಲ್ಲಿ ಮಾತ್ರ ಅದು ದ್ರವಸ್ಫಟಿಕ. ನಮ್ಮ ಪರದೆಯ ಮಿಶ್ರಣಗಳಿಗೂ ಇಂಥದೇ ಒಂದು ಮಿತಿ ಇದೆ, ಅದು ಇದಕ್ಕಿಂತ ಬಹಳ ಕೆಳಗೆ. ಶಾಖ ಆ ಮಿತಿ ದಾಟಿದರೆ ಅಲ್ಲಿ ಬರೀ ದ್ರವ, ಬೆಳಕನ್ನು ಹಿಡಿಯುವ ಶಕ್ತಿ ಇರುವುದಿಲ್ಲ. ತಣಿದ ಮೇಲೆ ಸ್ಫಟಿಕ ಮರಳಿ ಬಂದರೂ ಶಾಖಕ್ಕೆ ಸಿಕ್ಕ ಅಂಟು, ಹಾಳೆ ಮರಳುವುದಿಲ್ಲ.

ಒಎಲ್‌ಇಡಿ ಬೇರೆ ಲೋಕ

ಈಗಿನ ಎಷ್ಟೋ ಫೋನ್‌ಗಳಲ್ಲಿ, ದುಬಾರಿ ಟಿವಿಗಳಲ್ಲಿ ಇರುವುದು ಒಎಲ್‌ಇಡಿ. ಇಲ್ಲಿ ಹಿಂದೆ ದೀಪವಿಲ್ಲ, ಪಿಕ್ಸೆಲ್ ತಾನೇ ಬೆಳಗುತ್ತದೆ. ಅದು ಸತ್ತರೆ ಮುಗಿಯಿತು. ಒತ್ತಿದರೆ ಹಾನಿ ಇನ್ನೂ ಹರಡಬಹುದು. ರಾತ್ರಿಯಿಡೀ ಮಿನುಗಿಸಿದರೆ ಆ ಜಾಗವೇ ಬೇರೆಡೆಗಿಂತ ಬೇಗ ಸವೆಯುತ್ತದೆ. ಚಾನೆಲ್ಲಿನ ಲಾಂಛನ, ಸುದ್ದಿಪಟ್ಟಿ ಅಚ್ಚೊತ್ತಿದಂತೆ ಉಳಿದಿದ್ದರೆ ಅದು ಸವೆತ, ಟಿವಿಯ ಸೆಟ್ಟಿಂಗ್‌ನಲ್ಲಿರುವ ಪಿಕ್ಸೆಲ್ ರಿಫ್ರೆಶ್ ಒಂದು ಸಲ ಓಡಿಸಿ ನೋಡಿ. ಫೋನ್‌ನಲ್ಲಿ ಉದ್ದಕ್ಕೆ ಹಸಿರು ಗೆರೆ ಬಂದಿದ್ದರೆ ನೇರ ಸರ್ವಿಸ್ ಸೆಂಟರ್‌ಗೆ ಹೋಗಿ.

ಅಂಗಡಿ, ವಾರಂಟಿ, ತಕರಾರು

ದುರ್ಗಿಗುಡಿಯಲ್ಲೋ ನೆಹರೂ ರಸ್ತೆಯಲ್ಲೋ ಅಂಗಡಿಯಿಂದಲೇ ತರುವವರಿಗೆ ಒಂದು ಅನುಕೂಲ ಇದೆ. ‘ಅಣ್ಣಾ, ಬಿಲ್ ಮಾಡುವ ಮುಂಚೆ ಒಂದ್ಸಲ ಆನ್ ಮಾಡಿ ತೋರಿಸಿ’ ಅಂತ ಕೇಳಿ. ‘ಸೀಲ್ ಒಡೆದರೆ ಬೇರೆಯವರು ತಗೊಳಲ್ಲ ಸಾರ್’ ಅನ್ನಬಹುದು. ‘ಚುಕ್ಕೆ ಇಲ್ಲದಿದ್ದರೆ ನಾನೇ ತಗೊಂಡು ಹೋಗ್ತೀನಲ್ಲ’ ಅನ್ನಿ. ಪೆನ್‌ಡ್ರೈವ್ ಹಾಕಿ ಐದು ಬಣ್ಣ ತಿರುಗಿಸಲು ಎರಡು ನಿಮಿಷ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆಯ ಮಾನಿಟರ್ ತರುವವರಂತೂ ಪೆನ್‌ಡ್ರೈವ್ ಇಲ್ಲದೆ ಹೋಗಲೇಬಾರದು.

ಒಂದೇ ಚುಕ್ಕೆಗೆ ವಾರಂಟಿ ಕೊಡಲೇಬೇಕು ಅಂತಿಲ್ಲ. ಬಹಳ ಕಂಪನಿಗಳು ಇಂತಿಷ್ಟು ಚುಕ್ಕೆವರೆಗೆ ದೋಷವಲ್ಲ ಅಂತ ಬರೆದಿರುತ್ತವೆ. ಇದರ ಮೂಲ ಅಂತರರಾಷ್ಟ್ರೀಯ ಮಾನದಂಡ. 2001ರ ಐಎಸ್‌ಒ 13406-2 ಪ್ರಕಾರ ಎರಡನೇ ದರ್ಜೆಯ ಪರದೆಯಲ್ಲಿ ಪ್ರತಿ 10 ಲಕ್ಷ ಪಿಕ್ಸೆಲ್‌ಗೆ ಸದಾ ಬೆಳಗುವ 2, ಸದಾ ಕಪ್ಪಾದ 2, ಸಬ್‌ಪಿಕ್ಸೆಲ್ ದೋಷ 5 ಇರಬಹುದಿತ್ತು. ಫುಲ್ ಎಚ್‌ಡಿಗೆ ಅದು ಸುಮಾರು ಎರಡರಷ್ಟು. 2008ರಲ್ಲಿ ಇದರ ಜಾಗಕ್ಕೆ ಐಎಸ್‌ಒ 9241-307 ಬಂತು. ಅದಕ್ಕೇ ವಾರಂಟಿ ಪುಸ್ತಕದಲ್ಲಿ ಪಿಕ್ಸೆಲ್ ಬಗ್ಗೆ ಏನಿದೆ ಅಂತ ಕೊಳ್ಳುವ ಮೊದಲೇ ಓದಿ. ಕೆಲವು ಕಂಪನಿಗಳು ಬೆಳಗುವ ಒಂದೇ ಚುಕ್ಕೆಗೂ ಬದಲಿಸಿ ಕೊಡುತ್ತವೆ. ಆನ್‌ಲೈನ್ ಅಂಗಡಿಯ ವಾಪಸಿ ನಿಯಮ ಇದಕ್ಕಿಂತ ಬೇರೆ, ಅಲ್ಲಿ ಗಡುವಿನೊಳಗೆ ಫೋಟೊ ಸಮೇತ ಕೇಳಿದರೆ ಕೆಲಸ ಸಲೀಸು.

ನಿಯಮದ ಪ್ರಕಾರ ಬದಲಿಸಬೇಕಾದ್ದನ್ನೂ ಬದಲಿಸದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ. ಬಿಲ್ಲು, ಡಬ್ಬ ಒಡೆದ ವಿಡಿಯೊ, ಐದು ಬಣ್ಣದ ಫೋಟೊ ಜೊತೆಗಿರಲಿ.

ಪ್ಯಾನೆಲ್ ಬದಲಿಸುವುದಾದರೆ

ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ ಇದ್ದರೆ ಬಿಟ್ಟುಬಿಡಿ, ವಾರದಲ್ಲಿ ಕಣ್ಣು ಮರೆಯುತ್ತದೆ. ನಟ್ಟನಡುವೆ ಹಸಿರು ಹೊಳೆಯುತ್ತಿದ್ದರೆ, ದಿನವಿಡೀ ಅದರ ಮುಂದೆ ಕೂರುವ ಕೆಲಸವಾದರೆ, ಬದಲಿಸುವುದನ್ನು ಯೋಚಿಸಬಹುದು. ಟಿವಿಗೆ ಇದು ಗಿಟ್ಟುವುದಿಲ್ಲ, ಪ್ಯಾನೆಲ್ ಬೆಲೆಯೇ ಹೊಸ ಟಿವಿಯ ಹತ್ತಿರ ಬರುತ್ತದೆ. ಫೋನ್‌ಗೆ ಕಾಂಬೊ, ಅಂದರೆ ಪರದೆ ಮತ್ತು ಮೇಲಿನ ಟಚ್ ಗಾಜು ಸೇರಿದ ಜೋಡಿ, ಹಾಕಿಸಬೇಕು, ಅಸಲಿ ಮತ್ತು ಕಾಪಿ ಎರಡರ ಬೆಲೆಯನ್ನೂ ಕೇಳಿ ತಿಳಿದುಕೊಳ್ಳಿ.

ಲ್ಯಾಪ್‌ಟಾಪ್‌ಗೆ ಮಾತ್ರ ಲೆಕ್ಕ ಕೂಡುತ್ತದೆ. ಪ್ಯಾನೆಲ್ಲಿನ ಹಿಂದೆ ಒಂದು ಚೀಟಿಯಲ್ಲಿ ಮಾದರಿ ಸಂಖ್ಯೆ ಇರುತ್ತದೆ. ಅಳತೆ, ರೆಸಲ್ಯೂಷನ್, ಕೇಬಲ್ಲಿನ ಪಿನ್ ಮೂವತ್ತೋ ನಲವತ್ತೋ, ಮೇಲ್ಮೈ ಹೊಳಪೋ ಮಂಕೋ, ಇಷ್ಟೂ ಹೊಂದಬೇಕು. ಪಿನ್ ತಪ್ಪಿದರೆ ಜೋಡಣೆಯೇ ಆಗುವುದಿಲ್ಲ. ಹಳೆಯದು ಐಪಿಎಸ್ ಆಗಿದ್ದರೆ ಹೊಸದೂ ಐಪಿಎಸ್ ಇರಲಿ ಅಂತ ಬಾಯಿಬಿಟ್ಟು ಹೇಳಿ, ಅಗ್ಗಕ್ಕೆ ಟಿಎನ್ ಹಾಕಿ ಕಳಿಸುವುದುಂಟು. ಅದು ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತದೆ.

ಹಾಕಿಸಿಕೊಂಡ ಮೇಲೆ ಅದೇ ಪೆನ್‌ಡ್ರೈವ್ ತೆಗೆದು ಅಂಗಡಿಯಲ್ಲೇ ಐದು ಬಣ್ಣ ನೋಡಿ. ಹೊಸ ಪ್ಯಾನೆಲ್‌ನಲ್ಲೂ ಚುಕ್ಕೆ ಇರಬಹುದು. ದುಡ್ಡು ಕೊಡುವುದು ಅದಾದ ಮೇಲೆ.